ಶನಿವಾರದ ಗಿರಣಿ

ಬಾಗಲಕೋಟೆಯ ನಮ್ಮ ಗಾಣಿಗೇರ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ, ಸೈಟು ಸಿಕ್ಕ ಸಿಕ್ಕ ಕಡೆ ಜನ ಚದುರಿಹೋದರು. ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ನನ್ನ ಎಡಕ್ಕೆ ಬೀಗ ಹಾಕಿದ ಮನೆ, ಬಲಕ್ಕೆ ಜಾಲಿ ಕಂಟಿ. ಇದಕ್ಕೆ ಊರು ಅನ್ನಬೇಕಂತೆ! ಅವ್ವ ತೀರಿಕೊಂಡ ಮೇಲೆ "ಅಮಿತಾ" ಎಂದು ಕರೆಯುವವರೂ ಇರಲಿಲ್ಲ.

೨೦೦೯ರಲ್ಲಿ ಸಿಕ್ಕ ಕೆಲಸವೂ ಮನೆಯಲ್ಲಿ ಒಬ್ಬಳೇ ಕೂತು ಮಾಡುವಂಥದ್ದೇ. ಹುಬ್ಬಳ್ಳಿಯ ಒಂದು ಕಂಪನಿ ಕಂಪ್ಯೂಟರಿಗೆ ಓದಿ ತಿಳಿಯಲು ಕಲಿಸುತ್ತಿತ್ತು. ಅದು ವೆಬ್ಬಿನ ಪುಟಗಳನ್ನು ಓದಿ, ತಿಳಿದದ್ದನ್ನು ಒಂದೊಂದು ವಾಕ್ಯ ಮಾಡಿ ನನ್ನ ಮುಂದಿಡುತ್ತಿತ್ತು; ನಾನು ಸರಿ ಅಥವಾ ತಪ್ಪು ಒತ್ತಬೇಕು. ಅದೇ ವಾಕ್ಯ ಇನ್ನೊಬ್ಬರಿಗೂ ಹೋಗುತ್ತಿತ್ತು. ಇಬ್ಬರೂ ಸರಿ ಎಂದರೆ ಕಂಪ್ಯೂಟರ್ ನಂಬುತ್ತಿತ್ತು. ನನ್ನ ಜೋಡಿಯವರು ಹದಿನೇಳನೆಯ ನಂಬರು, ಅಷ್ಟೇ ಗೊತ್ತು. ಹೆಸರು, ಊರು ಕೇಳುವಂತಿಲ್ಲ. ಕಂಪನಿಯವರು ಆಮೇಲೆ ತಾಳೆ ನೋಡುತ್ತಿದ್ದರು; ಮೂರು ತಪ್ಪಾದರೆ ಕೆಲಸ ಹೋಯಿತು.

ಒಂದು ಮುಂಜಾನೆ ತೆರೆಯ ಮೇಲೆ ಬಂತು: "ಬಾಗಲಕೋಟೆಯ ಗಾಣಿಗೇರ ಓಣಿಯಲ್ಲಿ ಕನಕಪ್ಪನ ಹಿಟ್ಟಿನ ಗಿರಣಿ ಇದೆ." ಯಾವುದೋ ಹಳೆಯ ಅಂಗಡಿಗಳ ಪಟ್ಟಿ ಓದಿ ಕಲಿತಿತ್ತು, ಪಾಪ. ಗಿರಣಿಯಲ್ಲಿ ಈಗ ಮೀನು ಓಡಾಡುತ್ತವೆ. ತಪ್ಪು ಒತ್ತಬೇಕಿತ್ತು. ಆದರೆ ಸಿಟ್ಟು ಬಂತು. ಆ ಗಿರಣಿಯ ಸದ್ದು ಕೇಳಿ ಬೆಳೆದವಳು ನಾನು. ಅದು ಇಲ್ಲವೆಂದು ನನ್ನಿಂದಲೇ ಯಾಕೆ ಹೇಳಿಸಬೇಕು? ಸರಿ ಒತ್ತಿದೆ.

ಕೆಳಗೆ ಹದಿನೇಳನೆಯವರ ಉತ್ತರ ಕಾಣಿಸಿತು. ಅವರದೂ ಸರಿ. ಪಕ್ಕದಲ್ಲಿ ಷರಾ ಬರೆಯುವ ಜಾಗದಲ್ಲಿ ಎರಡೇ ಶಬ್ದ: "ಶನಿವಾರ ಬಂದ್."

ಎದ್ದು ನಿಂತೆ. ಶನಿವಾರ ಕನಕಪ್ಪ ತುಳಸಿಗೇರಿ ಹನುಮಪ್ಪನ ದರ್ಶನಕ್ಕೆ ಹೋಗುತ್ತಿದ್ದ. ಬೋರ್ಡು ಇರಲಿಲ್ಲ, ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ, ಓಣಿಯವರಿಗಷ್ಟೇ ಗೊತ್ತು. ಮರೆತು ಜೋಳದ ಡಬ್ಬಿ ಹೊತ್ತು ಹೋಗಿ ನಾನೇ ಎರಡು ಸಲ ಅವ್ವನಿಂದ ಬೈಸಿಕೊಂಡಿದ್ದೆ. ಅಂದರೆ ನಮ್ಮ ಓಣಿಯವರೊಬ್ಬರು ಎಲ್ಲೋ ನನ್ನ ಹಾಗೆಯೇ ಕೂತಿದ್ದಾರೆ! ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ನಿಯಮ ಮುರಿದರೂ ಚಿಂತೆಯಿಲ್ಲ, ನಾಳೆ ಷರಾದಲ್ಲಿ "ನೀವು ಯಾರ ಮನಿಯವರು?" ಎಂದು ಕೇಳಿಯೇ ಬಿಡಬೇಕು ಅಂದುಕೊಂಡೆ.

ಮರುದಿನ ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಕಂಪನಿಯ ಮೇಲ್ವಿಚಾರಕ ವೀರೇಶನ ಫೋನು ಬಂತು.

"ಮೇಡಂ, ಆ ಗಿರಣಿ ಮುಳುಗೇದಂತಲ್ರಿ. ನಿಮ್ದು ಮೊದಲನೇ ತಪ್ಪು, ಬಿಟ್ಟೇವಿ. ಹದಿನೇಳನೇ ನಂಬರಿಂದು ಮೂರನೇದ್ದು. ಅವ್ರನ್ನ ತೆಗದೇವ್ರಿ."

"ಅವ್ರ ಹೆಸರರೆ ಹೇಳ್ರಿ."

"ಹಂಗ ಹೇಳಾಕ ಬರೂದಿಲ್ರಿ."

"ಗಂಡಸೋ, ಹೆಂಗಸೋ, ಅಷ್ಟರೆ ಹೇಳ್ರಿ!"

ಫೋನು ಇಟ್ಟುಬಿಟ್ಟ. ಓಣಿ ಮುಳುಗಿದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ತೆರೆಯ ಮೇಲೆ ಹೊಸ ವಾಕ್ಯ. ಕಂಪ್ಯೂಟರ್ ಷರಾವನ್ನೂ ಓದಿ ಕಲಿತಿತ್ತು: "ಕನಕಪ್ಪನ ಗಿರಣಿ ಶನಿವಾರ ಮುಚ್ಚಿರುತ್ತದೆ." ನನ್ನ ಜೋಡಿ ಈಗ ನಲವತ್ತನೆಯ ನಂಬರು.

ಎರಡನೆಯ ತಪ್ಪಾಗುತ್ತದೆಂದು ಗೊತ್ತಿದ್ದೂ ಸರಿ ಒತ್ತಿದೆ. ಷರಾದಲ್ಲಿ ಬರೆದೆ: "ಹೌದು. ಶುಕ್ರವಾರನ ಬೀಸಿಸಿಕೊಂಡು ಬರಬೇಕು."

ಸ್ವಲ್ಪ ಹೊತ್ತಿಗೆ ಕೆಳಗೆ ನಲವತ್ತನೆಯವರ ಉತ್ತರ ಬಂತು: ತಪ್ಪು. ಷರಾದ ಜಾಗ ಖಾಲಿ.