ಅಟ್ಟದಜ್ಜಿಯ ಅರ್ಧ ಮಾತು

ಸತ್ತು ಆರು ವರ್ಷವಾದ ಮೇಲೆ ತೀರ್ಥಮ್ಮನಿಗೆ ಕೆಲಸ ಸಿಕ್ಕಿತು. ಅದೂ ಎಂಥ ಕೆಲಸ ಅಂತೀರಿ, ದೆವ್ವದ ಕೆಲಸ! ಬೇರೆ ಬೇರೆ ಮೊಬೈಲ್ ಆಟಗಳಲ್ಲಿ ಹೆಸರು ಮಾಡಿದ ಹನ್ನೆರಡು ದೆವ್ವಗಳನ್ನು ಒಂದೇ ಬಂಗಲೆಯೊಳಗೆ ಕೂಡಿಹಾಕಿ ದೊಡ್ಡದೊಂದು ಆಟ ಮಾಡುತ್ತಿದ್ದಾರಂತೆ. ಹಾಗೆ ಮಾಡುವುದಕ್ಕೆ ಕ್ರಾಸ್‌ಓವರ್ ಅನ್ನುತ್ತಾರಂತೆ. ಅದರಲ್ಲಿ ಕನ್ನಡದ ಕಡೆಯಿಂದ ‘ಅಟ್ಟದಜ್ಜಿ’ ಬೇಕೇ ಬೇಕು ಅಂತ ಆಡುವವರೆಲ್ಲ ಪಟ್ಟು ಹಿಡಿದಿದ್ದಾರಂತೆ. ಕಡೂರು ಬಸ್‌ಸ್ಟ್ಯಾಂಡಿನ ಪಕ್ಕದ ತನ್ನ ಆನ್‌ಲೈನ್ ಸೆಂಟರಿನಲ್ಲಿ ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಿದ್ದ ನಯನ ಈ ಇಮೇಲನ್ನು ಓದಿದಳು. ಓದಿ, ಪಹಣಿಯನ್ನು ಎರಡು ಸಲ ಪ್ರಿಂಟ್ ಹಾಕಿಬಿಟ್ಟಳು.

ಅಟ್ಟದಜ್ಜಿಗೆ ದನಿ ಕೊಟ್ಟವಳು ನಯನಳ ಅಪ್ಪನ ತಾಯಿ ತೀರ್ಥಮ್ಮ. ಅಟ್ಟದಜ್ಜಿಯ ಆಟವನ್ನು ಕಟ್ಟಿದವನು ನಯನಳ ಜೊತೆ ಓದಿದ ದುಶ್ಯಂತ. ಅವನು ಆಟದ ಹಕ್ಕನ್ನೆಲ್ಲ ಯಾವತ್ತೋ ಮಾರಿಕೊಂಡಿದ್ದ. ಅಜ್ಜಿಯ ದನಿಗೆ ಮಾತ್ರ ಕಾಗದಪತ್ರ ಯಾವುದೂ ಇರಲಿಲ್ಲ. ಹಾಗಾಗಿ ಕಂಪನಿಯವರು ಮೊಮ್ಮಗಳನ್ನು ಹುಡುಕಿಕೊಂಡು ಬಂದಿದ್ದರು. ಸೋಮವಾರದೊಳಗೆ ಸಹಿ ಬೇಕು, ಈ ದನಿ ಇಲ್ಲದಿದ್ದರೆ ಅಟ್ಟದಜ್ಜಿಯನ್ನೇ ಕೈಬಿಡುತ್ತೇವೆ, ಸಹಿ ಮಾಡಿದರೆ ಆಟಕ್ಕೆಂದು ಹಿಡಿದಿದ್ದ ಅಜ್ಜಿಯ ಎರಡು ಗಂಟೆಯ ರೆಕಾರ್ಡಿಂಗನ್ನು ನಿಮಗೂ ಒಂದು ಪ್ರತಿ ಕೊಡುತ್ತೇವೆ ಎಂದು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಮಾತು: ದುಶ್ಯಂತನ ಹೆಸರು ಎಲ್ಲಿಯೂ ಬರುವುದಿಲ್ಲ, ಕಲೆಯನ್ನು ವ್ಯಕ್ತಿಯಿಂದ ಬೇರ್ಪಡಿಸುವುದು ನಮ್ಮ ನೀತಿ. ಆಹಾ, ಕಾಫಿ ಸೋಸಿದಷ್ಟು ಸಲೀಸು ನೋಡಿ!

ರುಚಿ ನೋಡಲೆಂದು ನಲವತ್ತು ಸೆಕೆಂಡಿನ ತುಣುಕೊಂದನ್ನು ಇಟ್ಟಿದ್ದರು. ನಯನ ಅಂಗಡಿಯ ಫ್ಯಾನು ಆರಿಸಿ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಗಡಗಡ ಸದ್ದು. ಬಳೆ ಸದ್ದು. ಗಂಡಸಿನ ದನಿಯಲ್ಲಿ ಒಂದು ಪ್ರಶ್ನೆ. ಆಮೇಲೆ ಅಜ್ಜಿ. ಹತ್ತಿರದಲ್ಲೇ, ಕಿವಿಯ ಪಕ್ಕದಲ್ಲೇ, ಎಲೆಅಡಿಕೆ ಹಾಕಿಕೊಂಡ ಬಾಯಿಯ ಅದೇ ದನಿ. ಪಹಣಿಗೆ ಬಂದಿದ್ದ ಯಜಮಾನರು, “ಯಾಕಮ್ಮಾ, ಕಣ್ಣಿಗೆ ಏನಾದ್ರೂ ಬಿತ್ತಾ?” ಅಂದರು. ನಯನ ಹೂಂ ಅಂದಳು.

ಅವಳಿಗೆ ಅಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಜ್ಜಿಯ ಫೋಟೋ ಬೇಕಾದಷ್ಟಿದೆ, ದನಿ ಒಂದೂ ಇಲ್ಲ. ಇದ್ದ ಫೋನು ನೀರಿಗೆ ಬಿದ್ದು ಹೋಯಿತು. ಉಳಿದದ್ದು ಆಟದೊಳಗಿನ ದನಿ. ಆ ಆಟವೂ ಮೂರು ವರ್ಷದ ಹಿಂದೆ ಎಲ್ಲ ಕಡೆಯಿಂದ ಕಿತ್ತುಹೋಯಿತು.

ಸಖರಾಯಪಟ್ಟಣದ ಅವರ ಮನೆಯ ಅಟ್ಟದ ಮೇಲೆ ಯಾವಾಗಲೂ ತೆಂಗಿನಕಾಯಿ ಇರುತ್ತಿತ್ತು. ಉಂಡೆ ಕೊಬ್ಬರಿ ಮಾಡುವವರ ಮನೆ ಅದು. ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ವರ್ಷ ಕಾಯಬೇಕು. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುತ್ತದೆ. ಆಮೇಲೆ ನೀರು ಇಂಗಿ ಸದ್ದೇ ಇರುವುದಿಲ್ಲ. ಒಂದು ದಿನ ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ, ಅವತ್ತು ಒಡೆಯಬೇಕು. ಆತುರಪಟ್ಟು ಮೊದಲೇ ಒಡೆದರೆ ಚಿಪ್ಪಿಗೆ ಅಂಟಿಕೊಂಡದ್ದು ಚೂರುಚೂರಾಗಿ ಬರುತ್ತದೆ, ಯಾವ ಮಂಡಿಯವನೂ ಮೂಸಿ ನೋಡುವುದಿಲ್ಲ. ತೀರ್ಥಮ್ಮ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದಳು. ಪುಟ್ಟ ನಯನ ಏಣಿಯ ಮೇಲೆ ನಿಂತು ನೋಡುತ್ತಿದ್ದಳು. ಆ ಅರೆಗತ್ತಲೆ, ಆ ಒಣ ನಾರಿನ ವಾಸನೆ, ಹಂಚಿನ ಸಂದಿಯಿಂದ ಅಜ್ಜಿಯ ಮೂಗುಬೊಟ್ಟಿನ ಮೇಲೆ ಬೀಳುತ್ತಿದ್ದ ಬಿಸಿಲು. ಈಗಲೂ ಕೊಬ್ಬರಿ ಮಿಠಾಯಿ ಬಾಯಿಗೆ ಹಾಕಿಕೊಂಡರೆ ಅವಳಿಗೆ ಮೊದಲು ನೆನಪಾಗುವುದು ಆ ಅಟ್ಟವೇ.

ಕಡೂರಿನಲ್ಲಿ ಬಿಸಿಎ ಓದುವಾಗ ಇದನ್ನೆಲ್ಲ ಅವಳು ದುಶ್ಯಂತನಿಗೆ ಹೇಳಿದ್ದಳು. ಅವನು ಅಜ್ಜಂಪುರದ ಮೈಕ್‌ಸೆಟ್ ಸೋಮಶೇಖರಪ್ಪನವರ ಮಗ, ಅವಳದೇ ತರಗತಿ. ಮಾತುಗಾರ, ನಗಿಸುವವನು, ಎಲ್ಲರ ಮನೆಯ ಅಡುಗೆಮನೆಗೂ ನೇರ ನುಗ್ಗುವ ಆಸಾಮಿ. ಕೇಳಿದವನೇ ಬೆಂಚಿನಿಂದ ಎದ್ದು ನಿಂತ. “ಲೇ ನಯನಾ, ಅದು ಕಾಯಿ ಅಲ್ಲ ಕಣೇ, ತಲೆ! ಅಜ್ಜಿ ತಲೆ ಎತ್ಕೊಂಡು ಕಿವಿ ಹತ್ರ ಅಲ್ಲಾಡಿಸ್ತಾಳೆ!” ಆ ವಾರವೇ ಅಪ್ಪನ ಮೈಕು ಹೊತ್ತುಕೊಂಡು ಸಖರಾಯಪಟ್ಟಣಕ್ಕೆ ಬಂದಿಳಿದ.

“ಏನಪ್ಪಾ, ಇಷ್ಟು ದೊಡ್ಡ ಮೈಕು ತಂದಿದ್ದೀಯ, ನಾನೇನು ಎಲೆಕ್ಷನ್‌ಗೆ ನಿಂತಿದ್ದೀನಾ?” ಅಂದಿದ್ದಳು ತೀರ್ಥಮ್ಮ.

“ನಿಮ್ಮ ಪಾಡಿಗೆ ಕಾಯಿ ನೋಡ್ತಿರಿ ಅಜ್ಜಿ, ನಾನು ಇಲ್ಲೇ ಬಿದ್ದಿರ್ತೀನಿ.”

ಎರಡು ಗಂಟೆ ಮೂವರೂ ಅಟ್ಟದ ಮೇಲೆ ಕೂತಿದ್ದರು. ಅಜ್ಜಿ ಅಂತರಘಟ್ಟೆಯಿಂದ ಮದುವೆಯಾಗಿ ಬಂದದ್ದು, ಬಂದ ಮೊದಲ ದಿನವೇ ಹಸಿಕಾಯಿ ಒಡೆದು ಅತ್ತೆಯ ಕೈಲಿ ಬೈಸಿಕೊಂಡದ್ದು, ಎಲ್ಲ ಹೇಳಿದ್ದಳು. ನಕ್ಕು ನಕ್ಕು ಕೆಮ್ಮಿದ್ದಳು. “ನಯ್ನೀ, ಮುದ್ದೆ ಆರೋಗ್ತದೆ, ಆ ಹುಡುಗನ್ನೂ ಕರ್ಕೊಂಡು ಇಳಿಯೇ” ಅಂತ ಕೆಳಗಿಳಿದ ಮೇಲೆ ಕೂಗಿದ್ದೂ ಮೈಕಿಗೆ ಬಿದ್ದಿತ್ತು. ನಯನಳಿಗೆ ಇಪ್ಪತ್ತೊಂದು ವರ್ಷ. ಅಷ್ಟು ಖುಷಿಯಾದ ದಿನ ಅವಳ ಬದುಕಿನಲ್ಲಿ ಮತ್ತೆ ಬಂದಿಲ್ಲ ಅಂದರೂ ತಪ್ಪಿಲ್ಲ. ಹಾಳಾದ್ದು, ಆ ದಿನದೊಳಗೆ ಅವನೂ ಇದ್ದಾನೆ.

ಆಟ ಬಂತು, ಹತ್ತಿಕೊಂಡಿತು. ಕಡೂರಿನಿಂದ ಶಿವಮೊಗ್ಗದ ತನಕ ಕಾಲೇಜು ಹುಡುಗರು ಬಸ್ಸಿನಲ್ಲಿ ಕೂತು ಕಿರುಚುತ್ತಿದ್ದರು. ಅಟ್ಟದಜ್ಜಿ ನಿಮ್ಮ ತಲೆ ಎತ್ತಿಕೊಳ್ಳುತ್ತಾಳೆ. ನೀವು ಆ ಕ್ಷಣಕ್ಕೆ ಫೋನು ಅಲ್ಲಾಡಿಸಿ ಸದ್ದು ಮಾಡಿದರೆ ಬದುಕಿದಿರಿ. ಸದ್ದಿಲ್ಲದೆ ಕೂತಿರೋ, “ಇನ್ನೂ ಬಿಟ್ಟಿಲ್ಲ” ಅನ್ನುತ್ತಾಳೆ, ಫಟ್ ಅಂತ ಒಡೆಯುತ್ತಾಳೆ.

ತೀರ್ಥಮ್ಮನಿಗೆ ಆಟ ತೋರಿಸಿದಾಗ ಅವಳು ಕನ್ನಡಕ ಏರಿಸಿ ನೋಡಿದಳು. “ಥೂ, ನನ್ನ ಹಲ್ಲು ಇಷ್ಟುದ್ದ ಇದ್ಯೇನೋ?” ಅಂದಳು. ಆಮೇಲೆ ಅವಳಿಗೆ ನಿಜವಾಗಿ ಸಿಟ್ಟು ಬಂತು. “ಅಲ್ಲ ಕಣೋ, ಸದ್ದು ಬಂದಿದ್ದನ್ನ ಬಿಟ್ಟು ಬಿಡದೇ ಇರೋದನ್ನ ಒಡೀತೀಯಲ್ಲ, ಯಾವ ಸೀಮೆಯೋನು ನೀನು? ಹಂಗೆ ಯಾರೂ ಒಡೆಯಲ್ಲ.”

“ಆಟ ಅಲ್ವಾ ಅಜ್ಜಿ, ಹೆದ್ರಿಸ್ಬೇಕು.”

“ಹೆದ್ರಿಸು, ಬ್ಯಾಡ ಅನ್ನಲ್ಲ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬ್ಯಾಡ.”

ಅವನು ನಕ್ಕು, ಮಜ್ಜಿಗೆ ಕುಡಿದು ಹೋದ. ತಿದ್ದಲಿಲ್ಲ. ಅಟ್ಟ ಇಲ್ಲದ ಮನೆಯಲ್ಲಿ ಬೆಳೆದವನಿಗೆ ಗೊತ್ತಾಗಿಲ್ಲ ಬಿಡು ಎಂದು ನಯನಳೂ ಸುಮ್ಮನಾದಳು.

ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿತ್ತೋ ಏನೋ. ಎರಡು ವರ್ಷದ ನಂತರ ತರೀಕೆರೆಯಿಂದ ಭಾಗಮ್ಮ ಚಿಕ್ಕಮ್ಮನ ಮಗಳು ಭವ್ಯ ಫೋನು ಮಾಡಿದ್ದಳು. ಆಗ ಅವಳಿಗೆ ಹದಿನಾರು, ಅಟ್ಟದಜ್ಜಿ ಅಂದರೆ ಹುಚ್ಚು. ರಜೆಗೆ ಬಂದಾಗ ತೀರ್ಥಮ್ಮನ ಸೆರಗು ಹಿಡಿದು, “ಅಜ್ಜಿ, ನನ್ನ ತಲೆ ನೋಡಿ, ಬಿಟ್ಟಿದ್ಯಾ?” ಅಂತ ಕಾಡುತ್ತಿದ್ದ ಹುಡುಗಿ. ಆಟ ಮಾಡಿದವರನ್ನು ಪರಿಚಯ ಮಾಡಿಸು ಅಂದಾಗ ದುಶ್ಯಂತನ ನಂಬರು ಕೊಟ್ಟದ್ದು ನಯನಳೇ. “ಅಕ್ಕಾ, ದುಶ್ಯಂತಣ್ಣ ಏನೇನೋ ಮೆಸೇಜ್ ಮಾಡ್ತಾರೆ,” ಅಂದಿತ್ತು ಆ ಕೂಸು. ನಯನ ಈ ಕಡೆ ಯಾವುದೋ ಪರೀಕ್ಷೆಯ ಅರ್ಜಿ ತುಂಬುತ್ತಾ, “ತಮಾಷೆಗೆ ಅಂದಿರ್ತಾನೆ ಬಿಡೇ, ಅವ್ನು ಹಂಗೇ” ಅಂದುಬಿಟ್ಟಿದ್ದಳು. ಭವ್ಯ ಸರಿ ಅಕ್ಕಾ ಅಂತ ಫೋನಿಟ್ಟಳು. ಆಮೇಲೆ ನಾಲ್ಕು ವರ್ಷ ಆ ವಿಷಯ ಎತ್ತಲಿಲ್ಲ.

ನಾಲ್ಕು ವರ್ಷದ ನಂತರ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಅವನ ಮೆಸೇಜುಗಳನ್ನು ಹೊರಗೆ ಹಾಕಿದಳು. ಹಾಕಿದ ಎರಡನೆಯವಳು ಭವ್ಯ. ಒಟ್ಟು ಐದು ಮಂದಿ, ಎಲ್ಲರೂ ಆಗ ಹದಿನೆಂಟು ದಾಟದವರು. ಕೇಸಾಯಿತು, ಆಟ ಹೋಯಿತು, ದುಶ್ಯಂತ ಊರು ಬಿಟ್ಟ. ಜನ ಮಾತ್ರ ಬಿಡಲಿಲ್ಲ. ಕಲೆ ಬೇರೆ ಕಲಾವಿದ ಬೇರೆ ಅಂತ ಇಂಟರ್ನೆಟ್ಟಿನಲ್ಲಿ ಪುರಾಣ ಓದಿದರು. ಹುಡುಗಿಯರೇ ಆಟ ಹಾಳುಮಾಡಿದರು ಅಂದವರೂ ಇದ್ದರು. ಅವರ ಬಾಯಿಗೆ ಮಣ್ಣು ಬೀಳ! ನಯನ ಆಗ ಓಡಿಹೋಗಿ ಭವ್ಯಳ ಎದುರು ಅತ್ತಳು. ಭವ್ಯ, “ಹೋಗ್ಲಿ ಬಿಡಕ್ಕಾ,” ಅಂದಿದ್ದಳು. ಆ ‘ಹೋಗ್ಲಿ ಬಿಡು’ ನಯನಳ ಎದೆಯಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಇದೆ.

ಭಾನುವಾರ ಬೆಳಿಗ್ಗೆ ನಯನ ಕಡೂರಿನಿಂದ ರೈಲು ಹತ್ತಿ ತರೀಕೆರೆಗೆ ಹೋದಳು. ಅಜ್ಜಿಯ ಎರಡು ಗಂಟೆ ಬೇಕು ಅಂತ ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಭವ್ಯ ಹೂಂ ಅಂದರೆ ಸಹಿ, ಊಹೂಂ ಅಂದರೆ ಇಲ್ಲ. ದಾರಿಯುದ್ದಕ್ಕೂ, ಹೂಂ ಅನ್ನಲಪ್ಪಾ ದೇವರೇ ಅಂತ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಭವ್ಯ ಈಗ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಅವತ್ತು ರಜೆ. ಹಿತ್ತಲ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಯನಳೂ ಮೊರದ ಆ ಕಡೆ ಕೂತು ಸುಲಿಯುತ್ತಾ ಎಲ್ಲವನ್ನೂ ಹೇಳಿದಳು. ಭವ್ಯ ತಲೆ ಎತ್ತಲಿಲ್ಲ.

“ಅಜ್ಜಿ ದನಿ ಇದ್ಯಾ? ಕೊಡು, ಕೇಳ್ತೀನಿ,” ಅಂದಳು.

ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡರು. ಗಡಗಡ ಸದ್ದು. ಬಳೆ. ಭವ್ಯಳ ತುಟಿಯ ಮೇಲೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಇನ್ನೊಂದು ದನಿ, “ಇದನ್ನ ಒಡೀಲಾ ಅಜ್ಜಿ?” ಅಂತ ನಗುತ್ತಾ ಕೇಳಿತು. ದುಶ್ಯಂತ. ಕೈಯಲ್ಲಿ ಕಾಯಿ ಹಿಡಿದು ಅವನು ಕೇಳಿದ ಪ್ರಶ್ನೆ ಅದು. ಅಜ್ಜಿ, “ಇನ್ನೂ ಬಿಟ್ಟಿಲ್ಲ,” ಅಂದದ್ದೇ ತಡ, ಭವ್ಯ ಇಯರ್‌ಫೋನ್ ಕಿತ್ತು ಮೊರದೊಳಗೆ ಎಸೆದಳು. ಅವರೆಕಾಳು ಚೆಲ್ಲಿತು.

“ಅಯ್ಯೋ, ಅವನ ದನಿ ಇರೋದು ಮೊದ್ಲೇ ಹೇಳ್ಬೇಕಿತ್ತು ಕಣೇ, ತಪ್ಪಾಯ್ತು,” ಅಂದಳು ನಯನ.

“ಅವನದಲ್ಲ ಅಕ್ಕಾ.” ಭವ್ಯ ಕಾಳು ಆರಿಸತೊಡಗಿದಳು. “ಅಜ್ಜೀದೇ. ಪ್ರತಿ ಸಲ ಮೆಸೇಜ್ ಮಾಡೋಕ್ಮುಂಚೆ ಅದನ್ನೇ ಕಳಿಸ್ತಿದ್ದ. ಇನ್ನೂ ಬಿಟ್ಟಿಲ್ಲ, ಅಂತ. ಅದು ಬಂದ್ರೆ ಹಿಂದೆ ಅವನ ಮೆಸೇಜು ಬತ್ತದೆ ಅಂತ ಗೊತ್ತಾಗೋದು. ಕ್ಲಾಸಲ್ಲಿ ಕೂತಿದ್ರೂ ಕೈಕಾಲು ತಣ್ಣಗಾಗೋದು. ಸುಮ್ನಿದ್ರೆ ಅಜ್ಜಿ ಒಡೀತಾಳೆ ನೋಡು ಅಂತಿದ್ದ.”

ನಯನಳಿಗೆ ಇದು ಗೊತ್ತಿರಲಿಲ್ಲ. ತನ್ನ ಅಜ್ಜಿಯ ದನಿ. ಆ ಅಟ್ಟ, ಆ ಬಿಸಿಲು, ಆ ದನಿ!

“ನೀನು ಸೈನ್ ಹಾಕ್ಬಿಡಕ್ಕಾ,” ಅಂದಳು ಭವ್ಯ. “ನಿಂಗೆ ಅಜ್ಜಿ ಬೇಕು. ಅಜ್ಜಿ ಏನ್ ತಪ್ಪು ಮಾಡಿದ್ದಾರೆ? ನಂಗೀಗ ಏನೂ ಇಲ್ಲ. ಹೋಗ್ಲಿ ಬಿಡು.”

ಅದೇ ಮಾತು. ಮೂರು ವರ್ಷದ ಹಿಂದೆ ನಯನ ಈ ಮಾತನ್ನು ಎತ್ತಿಕೊಂಡು, ಕಣ್ಣೊರೆಸಿಕೊಂಡು ಮನೆಗೆ ಹೋಗಿದ್ದಳು. ಇವತ್ತೂ ಹೋಗಬಹುದಿತ್ತು. ಹೂಂ ಅಂದಾಯಿತಲ್ಲ, ಇನ್ನೇನು ಬೇಕು? ಅವಳು ಹೋಗಲಿಲ್ಲ. ಕಣ್ಣು ಮುಚ್ಚಿ ಕೂತಳು. ಆ ‘ನಂಗೀಗ ಏನೂ ಇಲ್ಲ’ ಅನ್ನುವುದನ್ನು ಇನ್ನೊಂದು ಸಲ, ಮತ್ತೊಂದು ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಳು. ಏಣಿಯ ಮೇಲೆ ನಿಂತು ಅಷ್ಟು ವರ್ಷ ನೋಡಿದ್ದು ಇನ್ಯಾವತ್ತಿಗೆ? ಚಿಪ್ಪು ಬಿಡದ ಕಾಯಿಯ ಹಾಗೆ, ಆ ಮಾತಿನೊಳಗೆ ಏನೂ ಸಡಿಲಾಗಿರಲಿಲ್ಲ.

“ಭವ್ಯಾ, ಅವ್ನು ನಿಂಗೆ ಅರ್ಧ ಮಾತು ಕೇಳ್ಸಿದ್ದಾನೆ ಕಣೇ,” ಅಂದಳು. “ಆಟದಲ್ಲೂ ಅಷ್ಟೇ ಇಟ್ಟ, ಉಳಿದಿದ್ದು ಕತ್ತರಿಸಿಬಿಟ್ಟ. ನಂಗೂ ಮರ್ತೇ ಹೋಗಿತ್ತು, ಮೊನ್ನೆ ಕೇಳಿದ್ಮೇಲೆ ನೆನಪಾಯ್ತು. ಅಜ್ಜಿ ಪೂರ್ತಿ ಏನಂದ್ರು ಗೊತ್ತಾ?”

ಭವ್ಯ ಮೊದಲ ಬಾರಿಗೆ ತಲೆ ಎತ್ತಿದಳು.

“ಇನ್ನೂ ಬಿಟ್ಟಿಲ್ಲ. ಒಡೀಬ್ಯಾಡ, ಇಟ್ಬುಡು. ಅದರ ಪಾಡಿಗೆ ಅದಿರ್ಲಿ.”

ಹೇಳಿದ ಮೇಲೆ ನಯನಳೇ ಬೆಚ್ಚಿದಳು. ಬಾಯಿಂದ ಬಂದದ್ದು ಅವಳ ದನಿಯಲ್ಲ. ಆ ‘ಇಟ್ಬುಡು’ವಿನ ಎಳೆತ, ಕೊನೆಯಲ್ಲಿ ತಗ್ಗುವ ಉಸಿರು, ಎಲೆಅಡಿಕೆ ಒಂದು ಇಲ್ಲ ಅನ್ನುವುದು ಬಿಟ್ಟರೆ ತೀರ್ಥಮ್ಮನೇ.

ಭವ್ಯ ಅವಳನ್ನೇ ನೋಡಿದಳು. ಆಮೇಲೆ ಹದಿನಾರರ ಹುಡುಗಿಯ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಏಳು ವರ್ಷದಿಂದ ಅಳದೆ ಇಟ್ಟುಕೊಂಡಿದ್ದ ಅಳು ಅದು. ಅಡುಗೆಮನೆಯಿಂದ ಭಾಗಮ್ಮ ಸೌಟು ಹಿಡಿದುಕೊಂಡೇ ಓಡಿಬಂದು, ಇಬ್ಬರನ್ನೂ ನೋಡಿ, ಹಾಗೇ ಒಳಗೆ ಹೋದರು.

“ಅಕ್ಕಾ, ನಾನು ಆವತ್ತು ಫೋನ್ ಮಾಡ್ದಾಗ ನೀನ್ಯಾಕೆ ಕೇಳ್ಲಿಲ್ಲ?” ಅಂದಳು ಭವ್ಯ, ಅಳುತ್ತಲೇ. ಇಷ್ಟು ವರ್ಷದಲ್ಲಿ ಕೇಳಿರದ ಪ್ರಶ್ನೆ.

“ಕೇಳ್ಬೇಕಾಗಿತ್ತು ಕಣೇ,” ಅಂದಳು ನಯನ. ಬೇರೆ ನೆಪ ಹೇಳಲಿಲ್ಲ.

ಅವರೆಕಾಳಿನ ಸಾರು, ಮುದ್ದೆ ಉಂಡು ಸಂಜೆಯ ರೈಲಿಗೆ ಹೊರಟಾಗ ಭವ್ಯ ಸ್ಟೇಷನ್ನಿನ ತನಕ ಬಂದಳು. ಬೀರೂರು ದಾಟುವುದರೊಳಗೆ ನಯನ ಮೇಲ್ ಕಳಿಸಿಯಾಗಿತ್ತು: ಈಗ ಕೊಡುವುದಕ್ಕಾಗುವುದಿಲ್ಲ, ಯಾವತ್ತು ಆಗುತ್ತದೋ ಅದನ್ನು ನಾನು ಹೇಳುವಂತಿಲ್ಲ, ಹೇಳಬೇಕಾದವರು ಬೇರೆ ಇದ್ದಾರೆ. ಕಂಪನಿಯವರಿಗೆ ಏನು ಅರ್ಥವಾಯಿತೋ ಶಿವನೇ ಬಲ್ಲ. ವಂದನೆ ಹೇಳಿ, ಅಟ್ಟದಜ್ಜಿಯ ಬದಲು ಬೇರೆ ಯಾವುದೋ ದೆವ್ವವನ್ನು ಗೊತ್ತುಮಾಡಿಕೊಂಡರು. ಆ ನಲವತ್ತು ಸೆಕೆಂಡನ್ನು ಇನ್ನೊಂದು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತು. ನಯನ ಹಿಡಿಯಲಿಲ್ಲ. ಮಂಗಳವಾರ ಲಿಂಕು ಒತ್ತಿದರೆ ಏನೂ ತೆರೆಯಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಸ್ವಲ್ಪ ಹೊತ್ತು ಅತ್ತಳು. ಅದನ್ನೂ ಹೇಳದೆ ಇರಬಾರದು.

ಮುಂದಿನ ಭಾನುವಾರ ಭವ್ಯ ಸಖರಾಯಪಟ್ಟಣಕ್ಕೆ ಬಂದಳು. ಯಾರೂ ಕರೆದಿರಲಿಲ್ಲ. ಚೀಲ ಇಟ್ಟವಳೇ ಏಣಿ ಹತ್ತಿದಳು. ಅಟ್ಟದ ಮೇಲೆ ಈ ವರ್ಷದ ಕಾಯಿ ಇನ್ನೂ ಅರ್ಧ ಹಸಿ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಏನನ್ನುತ್ತೆ?” ಅಂತ ನಯನ ಕೆಳಗಿನಿಂದ ಕೇಳಿದಳು.

ಭವ್ಯ ಕಣ್ಣು ಮುಚ್ಚಿ ಇನ್ನೊಂದು ಸಲ ಅಲ್ಲಾಡಿಸಿ ನೋಡಿದಳು.

“ನೀನು ಹೇಳಕ್ಕಾ,” ಅಂದಳು. “ಅಜ್ಜಿ ಥರ ಹೇಳು. ಪೂರ್ತಿ ಹೇಳು.”