ಮಂಡಿ ಮೇಲಿನ ಮರಳು ಚೀಲ

ಸುಬ್ಬಯ್ಯನ ಮಗಳು ರಮ್ಯಶ್ರೀ ಯೋಗ ಕ್ಲಾಸಿನಲ್ಲಿ ಕಿರುಚಿಕೊಂಡು ಬಿದ್ದಳು ಎಂಬ ಸುದ್ದಿ ಕೊಳ್ಳೇಗಾಲದ ನೇಕಾರರ ಬೀದಿಗೆ ಬಂದಾಗ, ಅದಕ್ಕೆ ಕಾರಣ ಯಾರೆಂದು ಗೊತ್ತಿದ್ದವರು ಇಡೀ ಊರಿಗೆ ಇಬ್ಬರೇ. ಒಬ್ಬಳು ಬಿದ್ದವಳು. ಇನ್ನೊಬ್ಬ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿ ಎಸೆಯುತ್ತಿದ್ದ ಸುಬ್ಬಯ್ಯ. ಸುದ್ದಿ ತಂದವರು ಯೋಗದ ಮಿಸ್ಸನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಅವನು ಎದ್ದು ಅಂಗಿ ಹಾಕಿಕೊಂಡನೇ ಹೊರತು ಹಾಗಲ್ಲ ಎನ್ನಲಿಲ್ಲ.

ರಮ್ಯಶ್ರೀಗೆ ಒಂಬತ್ತನೇ ಕ್ಲಾಸು. ಗಣೇಶ್ ಮಾಸ್ಟರ ಬಳಿ ನಾಲ್ಕು ವರ್ಷದಿಂದ ಕರಾಟೆ ಕಲಿಯುತ್ತಿದ್ದಳು. ಅವಳ ಮುಷ್ಟಿಗೆ ತಾಲ್ಲೂಕಿನಲ್ಲೇ ಎದುರಿರಲಿಲ್ಲ. ಕಾಲು ಮಾತ್ರ ಸೊಂಟದಿಂದ ಮೇಲೆ ಏಳಲೊಲ್ಲದು. ಚಾಮರಾಜನಗರದಲ್ಲಿ ಜಿಲ್ಲಾ ಪಂದ್ಯಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಮಾಸ್ಟರು ಸುಬ್ಬಯ್ಯನನ್ನು ಕರೆಸಿದರು.

"ತಲೆ ಮಟ್ಟಕ್ಕೆ ಕಿಕ್ ಏಳ್ದಿದ್ರೆ ಮೊದ್ಲನೇ ರೌಂಡಲ್ಲೇ ವಾಪಸ್ಸು ಕಣಣ್ಣ. ತೊಡೆ ಸಡ್ಲ ಆಗ್ಬೇಕು. ಭವ್ಯ ಮಿಸ್ ಹತ್ರ ಯೋಗಕ್ಕೆ ಸೇರ್ಸು" ಎಂದರು.

ಭವ್ಯ ಮುಳ್ಳೂರಿನ ಸೊಸೆ. ಮನೆಯಲ್ಲಿ ಕಬ್ಬಿನ ಗದ್ದೆ, ಅತ್ತೆ, ವರ್ಷ ತುಂಬದ ಕೂಸು ಎಲ್ಲ ಇದ್ದೂ ದಿನಾ ಸಂಜೆ ಬಸ್ಸು ಹತ್ತಿ ಬಂದು, ಕರಾಟೆ ನಡೆಯುವ ಹಾಲಿನಲ್ಲೇ ಒಂದು ಗಂಟೆ ಯೋಗ ಹೇಳಿಕೊಡುತ್ತಿದ್ದಳು. ಅವಸರವೆಂಬುದು ಆ ಹೆಣ್ಣುಮಗಳ ಮೈಯಲ್ಲೇ ಇರಲಿಲ್ಲ. ರಮ್ಯಶ್ರೀಯನ್ನು ಕೂರಿಸಿ, ಬಗ್ಗಿಸಿ, ಕಾಲು ಎತ್ತಿಸಿ ನೋಡಿದಳು.

"ಆರು ತಿಂಗ್ಳಾದ್ರೂ ಬೇಕು ಅಣ್ಣ. ಸ್ಕೂಲಿಂದ ಬಂದ್ ತಕ್ಷಣ ಮಗ್ಗಕ್ಕೆ ಕೂರ್ತಾಳಂತೆ. ಕೂತು ಕೂತು ತೊಡೆ ಒಳಗೆಲ್ಲ ಬಿಗ್ದೋಗದೆ. ಪಾದ ಎರಡೂ ಕೂಡ್ಸಿ ಮಂಡಿ ಅತ್ಲಾಗಿತ್ಲಾಗಿ ಬಿಡ್ಲಿ. ಎಷ್ಟು ಇಳೀತದೋ ಅಷ್ಟೇ ಸಾಕು. ಯಾರೂ ಒತ್ಬಾರ್ದು, ತೂಕ ಇಡ್ಬಾರ್ದು" ಎಂದು ಸುಬ್ಬಯ್ಯನಿಗೆ ಬಿಡಿಸಿ ಹೇಳಿದಳು.

ಆರು ತಿಂಗಳು ಎಂದದ್ದಕ್ಕಿಂತ ಮಗ್ಗ ಎಂದದ್ದು ಸುಬ್ಬಯ್ಯನಿಗೆ ಚುಚ್ಚಿತು. ಮಗಳನ್ನು ಗುಂಡಿಗೆ ಇಳಿಸಿದವನು ಅವನೇ. ಎರಡು ವರ್ಷದಿಂದ ಅವಳು ಸಂಜೆ ಗೇಣುದ್ದ ನೇಯ್ದುಕೊಟ್ಟರೆ ಅವನಿಗೆ ಬೆನ್ನು ಚಾಚಲು ಪುರುಸೊತ್ತು ಸಿಗುತ್ತಿತ್ತು. ತನ್ನ ಬೆನ್ನಿನ ಸುಖಕ್ಕೆ ಮಗಳ ಕಾಲು ಕಟ್ಟಿಹಾಕಿದೆನಲ್ಲ ಎಂದುಕೊಂಡ. ಅಂದಿನಿಂದ ಅವಳನ್ನು ಮಗ್ಗದ ಹತ್ತಿರ ಸುಳಿಯಗೊಡಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೆಡಿಸಿದವನೇ ಸರಿಮಾಡಬೇಕು, ಅದೂ ಒಂದೇ ತಿಂಗಳಲ್ಲಿ ಎಂದು ಹಟ ಹಿಡಿದ.

ನೇಕಾರನ ತಲೆ ಓಡುವುದು ಮಗ್ಗದ ಸುತ್ತಲೇ. ಸೀರೆ ಅಂಚಿನ ಎಳೆಗಳು ಸಡಿಲವಾಗದಿರಲೆಂದು ಸುಬ್ಬಯ್ಯ ಮಗ್ಗದ ಹಿಂದೆ ಮರಳು ತುಂಬಿದ ಸಣ್ಣ ಚೀಲಗಳನ್ನು ತೂಗುಬಿಡುತ್ತಿದ್ದ. ಒಂದೇ ಸಲ ಭಾರ ಬಿಟ್ಟರೆ ರೇಷ್ಮೆ ಪಟ್ಟನೆ ಕಿತ್ತುಹೋಗುತ್ತದೆ. ಹಿಡಿ ಹಿಡಿಯಾಗಿ ಮರಳು ಹೆಚ್ಚಿಸುತ್ತಾ ಹೋದರೆ ತಡೆದುಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯೇ ತಡೆದುಕೊಳ್ಳುವಾಗ ಕರಾಟೆ ಮಾಡಿ ಪಳಗಿದ ತೊಡೆಗೇನು ಧಾಡಿ ಎಂದುಕೊಂಡ. ಮೂವತ್ತು ವರ್ಷ ರೇಷ್ಮೆಯ ಜೊತೆ ಬಾಳಿದ ಮನುಷ್ಯ ಮೈಯನ್ನೂ ರೇಷ್ಮೆಯೆಂದೇ ತಿಳಿದ.

ಬೆಳಗ್ಗೆ ಹೆಂಡತಿ ಮಹದೇವಮ್ಮ ಹಾಲು ತರಲು ಹೋಗುತ್ತಿದ್ದಳು. ಆ ಹೊತ್ತು ನೋಡಿ ಮಗಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಪಾದ ಕೂಡಿಸಿ, ಒಂದೊಂದು ಮಂಡಿಯ ಮೇಲೆ ಒಂದೊಂದು ಚೀಲ ಇಡುತ್ತಿದ್ದ. ಮೂರು ದಿನಕ್ಕೊಮ್ಮೆ ಒಂದೊಂದು ಹಿಡಿ ಮರಳು ಹೆಚ್ಚು. ಹತ್ತು ದಿನಕ್ಕೆ ಅವಳ ಕಿಕ್ಕು ಎರಡು ಬೆರಳು ಮೇಲೆ ಹೋಯಿತು. ಅಪ್ಪ ಮಗಳು ಇಬ್ಬರೂ ಹಿಗ್ಗಿದರು. ಪಂದ್ಯಕ್ಕೆ ಹನ್ನೆರಡು ದಿನ ಉಳಿದಾಗ ಸುಬ್ಬಯ್ಯನಿಗೆ ಎರಡು ಬೆರಳು ಸಾಲದಾಯಿತು. ಆವತ್ತು ಚೀಲದ ಮೇಲೆ ಇನ್ನೊಂದು ಚೀಲ ಇಟ್ಟ.

"ಅಪ್ಪ, ಸಾಕು. ಒಳ್ಗೆ ಉರೀತದೆ" ಎಂದಳು ರಮ್ಯಶ್ರೀ.

"ಇನ್ನತ್ತು ಎಣಿಸ್ಕೊ ಮಗ. ತೆಗ್ದುಬುಡ್ತೀನಿ."

ಏಳಕ್ಕೆ ಅವಳು ಹಲ್ಲು ಕಚ್ಚಿದಳು. ಎಂಟಕ್ಕೆ ಎಡತೊಡೆ ಹಿಡಿದುಕೊಂಡು ಹೊರಳಿದಳು. ಸುಬ್ಬಯ್ಯ ಗಾಬರಿಯಾಗಿ ಚೀಲ ಎತ್ತೆಸೆದು, ಎಣ್ಣೆ ಕಾಯಿಸಿ ಹಚ್ಚಿಕೊಳ್ಳಲು ಕೊಟ್ಟ. ಅರ್ಧ ಗಂಟೆಯಲ್ಲಿ ಅವಳು ಎದ್ದು ಓಡಾಡಿದಳು, ಸ್ವಲ್ಪ ಕುಂಟುತ್ತಾ. ಅಷ್ಟಕ್ಕೇ ಇವನಿಗೆ ಧೈರ್ಯ ಬಂತು.

"ಕ್ಲಾಸಲ್ಲಿ ಯೋಳ್ಬೇಡ ಮಗ. ತೂಕ ಇಟ್ಟಿದ್ ಗೊತ್ತಾದ್ರೆ ಮಿಸ್ಸು ಬೈತಾರೆ. ಪಂದ್ಯಕ್ಕೂ ಕಳ್ಸಲ್ಲ ಅಂದ್ಬುಡ್ತಾರೆ."

ರಮ್ಯಶ್ರೀ ತಲೆಯಾಡಿಸಿದಳು. ನೋವು ನುಂಗುವುದನ್ನು ಕರಾಟೆಯಲ್ಲಿ ಹೇಳಿಕೊಟ್ಟಿದ್ದರು. ಅಪ್ಪನ ಮಾತು ಮೀರುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಕ್ಲಾಸಿನಲ್ಲಿ ಎಲ್ಲರಂತೆ ಅವಳೂ ಪಾದ ಕೂಡಿಸಿ ಕೂತಳು. ಎಡಮಂಡಿ ಇಳಿಯದಿರುವುದನ್ನು ಕಂಡು ಭವ್ಯ ಬಂದು, "ಯಾಕಮ್ಮ, ಇವತ್ತು ಇಷ್ಟು ಬಿಗಿ?" ಎಂದು ಮಂಡಿಯ ಮೇಲೆ ಕೈಯಿಟ್ಟಳು. ಬರೀ ಕೈಯಿಟ್ಟಳು. ಹುಡುಗಿ ಸೂರು ಹಾರಿಹೋಗುವಂತೆ ಕಿರುಚಿ ಮಗ್ಗುಲಿಗೆ ಉರುಳಿದಳು. ಅಲ್ಲಿದ್ದ ಇಪ್ಪತ್ತು ಮಕ್ಕಳು, ಬಾಗಿಲಲ್ಲಿ ಕಾಯುತ್ತಿದ್ದ ನಾಲ್ವರು ತಾಯಂದಿರು ಕಂಡದ್ದು ಇಷ್ಟೇ: ಮಿಸ್ಸು ಮುಟ್ಟಿದರು, ಹುಡುಗಿ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು, ತೊಡೆಯ ಮಾಂಸಖಂಡ ಹರಿದಿದೆ, ಮೂರು ತಿಂಗಳು ಕಾಲು ಅಲ್ಲಾಡಿಸುವ ಹಾಗಿಲ್ಲ ಎಂದರು. ಆಮೇಲೆ, "ಹೇಗಾಯ್ತು?" ಎಂದು ಕೇಳಿದರು. ರಮ್ಯಶ್ರೀ ಅಪ್ಪನ ಮುಖ ನೋಡಿದಳು. ಸುಬ್ಬಯ್ಯ ಅವಳಿಗಿಂತ ಮುಂಚೆ ಬಾಯಿ ತೆರೆದ.

"ಯೋಗ ಕ್ಲಾಸಲ್ಲಿ ಆಯ್ತು ಸಾ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಆ ರಾತ್ರಿಯೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಹತ್ತಿರ ಬರಲಿಲ್ಲ. ಸುಳ್ಳು ಹೇಳಿದವನಿಗಾದರೂ ಅದು ಸುಳ್ಳೆಂದು ಒಪ್ಪಿಕೊಳ್ಳುವ ದಾರಿಯಿರುತ್ತದೆ, ಇವನು ಅದನ್ನೂ ಮುಚ್ಚಿಕೊಂಡಿದ್ದ.

ಮಾರನೆಯ ದಿನ ಮಹದೇವಮ್ಮ ಯೋಗದ ಹಾಲಿಗೇ ಹೋಗಿ ಭವ್ಯಳ ಮಾನ ಹರಾಜು ಹಾಕಿದಳು. "ಎತ್ತ ತಾಯಿ ಅಲ್ವೇನವ್ವ ನೀನು? ನಿನ್ ಕೂಸಿನ್ ಕಾಲ್ನೂ ಇಂಗೇ ಅಮುಕಿ ಮುರೀತೀಯಾ?" ಎಂದು ಮಕ್ಕಳೆದುರಿಗೇ ಕೇಳಿದಳಂತೆ. ಭವ್ಯ ಕೈಮುಗಿದು ನಿಂತಿದ್ದಳಂತೆ. ಮನೆಗೆ ಬಂದು ಮಹದೇವಮ್ಮ ಇದನ್ನೆಲ್ಲ ಗಂಡನಿಗೆ ಹೇಳಿ, ಸಿಟ್ಟು ಇಳಿಯದೆ ಅತ್ತಳು. ಸುಬ್ಬಯ್ಯ ಕೇಳಿಸಿಕೊಂಡು ಗುಂಡಿಗೆ ಇಳಿದು ಕೂತ. ವಾರದೊಳಗೆ ಯೋಗ ಕ್ಲಾಸಿನ ಮಕ್ಕಳೆಲ್ಲ ಬಿಟ್ಟರು. ಗಣೇಶ್ ಮಾಸ್ಟರೂ, ಇನ್ನು ಬರುವುದು ಬೇಡ ಎಂದು ಭವ್ಯಳಿಗೆ ಹೇಳಿ ಕಳಿಸಿದರು.

ಸುಬ್ಬಯ್ಯ ಕೆಟ್ಟ ಮನುಷ್ಯನಲ್ಲ ಎಂದು ಹೇಳಿದರೆ ನೀವು ನಗಬಹುದು. ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಅಂಗಡಿಯವರ ಕಣ್ಣಿಗೆ ಬೀಳುವ ಮೊದಲೇ ಅಂಚಿಗೆ ಕೆಂಪು ದಾರದ ಗಂಟು ಹಾಕಿ, "ಇಲ್ಲಿ ತಪ್ಪಿದೀನಿ, ನೋಡ್ಕಳಿ" ಎಂದು ತೋರಿಸುತ್ತಿದ್ದವನು. ಅಪ್ಪನಿಂದ ಬಂದ ಅಭ್ಯಾಸ. ಅದರಿಂದಲೇ ಬೀದಿಯಲ್ಲಿ ಅವನಿಗೊಂದು ಮರ್ಯಾದೆ. ಈಗ ಆ ಮರ್ಯಾದೆಯೇ ಬಾಯಿ ಕಟ್ಟಿತು. ನಾಳೆ ಹೇಳುತ್ತೇನೆ, ಹೆಂಡತಿಯ ಸಿಟ್ಟು ತಣ್ಣಗಾಗಲಿ, ಮಗಳು ಎದ್ದು ಓಡಾಡಲಿ ಎಂದು ದಿನ ದೂಡಿದ. ಪಂದ್ಯದ ದಿನವೂ ಬಂದು ಹೋಯಿತು. ರಮ್ಯಶ್ರೀ ಅವತ್ತು ಮಲಗಿದ್ದಲ್ಲಿಂದ ತಲೆಯೆತ್ತಲಿಲ್ಲ.

ಹದಿನೈದನೆಯ ದಿನ ಭವ್ಯ ಮನೆಗೇ ಬಂದಳು. ಮಹದೇವಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಭವ್ಯ ಹುಡುಗಿಯ ಚಾಪೆಯ ಪಕ್ಕ, ಮುಟ್ಟದಷ್ಟು ದೂರದಲ್ಲಿ ಕೂತಳು. "ನನ್ ಕೈ ತಪ್ಪಾಯ್ತು ಕಣಮ್ಮ. ನಾನು ಮೆಲ್ಗೆ ಇಟ್ಟೆ ಅಂದ್ಕಂಡೆ. ಇಲ್ಲ ಅನ್ಸ್ತದೆ. ಕ್ಷಮಿಸ್ಬುಡು" ಎಂದಳು. ರಮ್ಯಶ್ರೀ ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡಳು. ನಾಲ್ಕು ಮಾರು ದೂರದಲ್ಲಿ ಸುಬ್ಬಯ್ಯ ಮಗ್ಗದ ಮುಂದಿದ್ದ. ಎದ್ದು ಬಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹಲಗೆ ತುಳಿದ, ಲಾಳಿ ಎಸೆದ, ತಪ್ಪು ತಪ್ಪಾಗಿ ನೇಯ್ದ.

ಮೂರು ದಿನ ಬಿಟ್ಟು ಎದುರು ಮನೆಯ ಪುಟ್ಟಗೌರಮ್ಮ ಹುಡುಗಿಯನ್ನು ನೋಡಲು ಬಂದಳು. "ಎಂಗಾಯ್ತವ್ವ ಇದು?" ಎಂದು ಕೇಳಿದಳು. ರಮ್ಯಶ್ರೀ ಒಂದು ಚೂರೂ ತಡವರಿಸಲಿಲ್ಲ. "ಮಿಸ್ಸು ಜೋರಾಗಿ ಅಮುಕ್ಬುಟ್ರು ಅಜ್ಜಿ. ನಾನ್ ಬ್ಯಾಡ ಅಂದ್ರೂ ಬುಡ್ಲಿಲ್ಲ. ಇನ್ನತ್ತು ಎಣಿಸು ಅಂದ್ರು" ಎಂದಳು.

ಸುಬ್ಬಯ್ಯ ಲಾಳಿ ಇಟ್ಟು ಗುಂಡಿಯಿಂದ ಎದ್ದ. ಆ ಮಾತು ಅವನದು. ಮಗಳು ಅದನ್ನು ಎತ್ತಿ ಇನ್ನೊಬ್ಬಳ ಬಾಯಿಗೆ ಹಾಕಿದ್ದಳು, ಅಪ್ಪನನ್ನು ಉಳಿಸಲು. ಅವಳು ಅವನ ಕಡೆ ನೋಡಲೂ ಇಲ್ಲ. ಸುಬ್ಬಯ್ಯ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಎಲ್ಲಿಗೆ ಎಂದು ಮಹದೇವಮ್ಮ ಕೂಗಿದ್ದು ಬೆನ್ನ ಹಿಂದೆ ಕೇಳಿಸಿತು.

ಕುಂತೂರಿನ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಾ ಹೋಯಿತು. ಇಳಿದು ವಾಪಸು ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಮುಳ್ಳೂರಿನಲ್ಲಿ ಮನೆ ಕೇಳಿಕೊಂಡು ಹೋದಾಗ ಭವ್ಯಳ ಅತ್ತೆ ಚನ್ನಾಜಮ್ಮ ಜಗಲಿಯಲ್ಲಿ ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಯಾರೆಂದು ತಿಳಿದ ಮೇಲೂ, "ಕುಂತ್ಕಳಿ" ಎಂದಳು. ಭವ್ಯ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ಇನ್ನೊಂದು ಸಲ ಬೈಸಿಕೊಳ್ಳಲು ತಯಾರಾಗಿ ಬಂದವಳ ಹಾಗಿದ್ದಳು.

ಸುಬ್ಬಯ್ಯ ಕೂರಲಿಲ್ಲ. ಮರಳು ಚೀಲದಿಂದ ಹಿಡಿದು ಆಸ್ಪತ್ರೆಯಲ್ಲಿ ಆಡಿದ ಮಾತಿನವರೆಗೆ ಉಸಿರು ಬಿಡದೆ ಹೇಳಿದ. "ನಿಮ್ ಕೈ ಅಲ್ಲ ಮೇಡಮ್ಮೋರೇ. ಅವ್ಳ ತೊಡೆ ಬೆಳಗ್ಗೇನೇ ಅರ್ದೋಗಿತ್ತು. ನಾನೇ ಮಾಡ್ದೋನು, ನಾನೇ ಬಚ್ಚಿಟ್ಟೋನು" ಎಂದ.

ಬಯ್ಯಲಿ, ಉಗಿಯಲಿ ಎಂದು ಕಾದ. ಭವ್ಯ ಬಯ್ಯಲಿಲ್ಲ.

"ಬೆಳಗ್ಗೇನೇನಾ?" ಎಂದಳು. "ನಾನು ಮುಟ್ಟೋಕ್ ಮುಂಚೇನಾ?"

"ಊ ಕಣವ್ವ."

"ನಿಜ ಯೋಳಿ. ನನ್ ಸಮಾಧಾನಕ್ಕೆ ಯೋಳ್ತಾ ಇಲ್ವಲ್ಲ?"

"ನಮ್ಮಪ್ಪನಾಣೆ."

ಭವ್ಯ ಕಂಬ ಬಿಟ್ಟಳು. ಸೀದಾ ಬಂದು ಅತ್ತೆಯ ಕಾಲ ಮೇಲಿದ್ದ ಮಗುವನ್ನು ಬಾಚಿ ಎತ್ತಿಕೊಂಡು, ಅದರ ಹೊಟ್ಟೆಗೆ ಮುಖವೊತ್ತಿ ಗೊಳೋ ಎಂದು ಅತ್ತಳು. ಮಗು ಬೆದರಿ ತಾನೂ ಶುರುಮಾಡಿತು. ಸುಬ್ಬಯ್ಯನಿಗೆ ಏನೊಂದೂ ತಿಳಿಯಲಿಲ್ಲ. ತಿಳಿಸಿದವಳು ಚನ್ನಾಜಮ್ಮ.

"ನೋಡ್ಕಳಿ, ಕಣ್ತುಂಬ ನೋಡ್ಕಳಿ" ಎಂದಳು. "ಹದ್ನೆಂಟು ದಿನ ಆಯ್ತು ಈ ಕೂಸ್ನ ಅವ್ಳು ಎತ್ಕಂಡು. ನನ್ ಕೈ ಸ್ವಾಧೀನದಲ್ಲಿಲ್ಲ ಅತ್ತೆ, ಮಗೀಗೆ ಏನಾರ ಆದಾತು ಅಂತ ದೂರದಲ್ಲೇ ಕುಂತವ್ಳೆ. ಆಲುಣ್ಸೋಕೂ ನಾನೇ ಇಡ್ಕಂಡು ಕೊಡ್ಬೇಕಿತ್ತು. ಒಂದ್ ಮಾತು, ಒಂದೇ ಒಂದ್ ಮಾತು ಯೋಳಾಕೆ ಇಷ್ಟ್ ದಿನ ಬೇಕಾಯ್ತಾ ನಿಮ್ಗೆ?"

ಕ್ಲಾಸು ನಿಂತದ್ದು, ಹೆಸರು ಕೆಟ್ಟದ್ದು ಸುಬ್ಬಯ್ಯನ ಲೆಕ್ಕದಲ್ಲಿತ್ತು. ಇದು ಇರಲಿಲ್ಲ. "ಭಾನುವಾರ ಕರಾಟೆ ಆಲಲ್ಲಿ ಎಲ್ರನ್ನೂ ಸೇರ್ಸಿ ಯೋಳ್ತೀನಿ ಕಣವ್ವ" ಎಂದ.

"ಊರಿಗೆ ಭಾನುವಾರ ಯೋಳಿ. ಮನೇರ್ಗೆ ಯೋಳಿದ್ರಾ?" ಎಂದಳು ಚನ್ನಾಜಮ್ಮ.

ಇಲ್ಲವೆಂದು ತಲೆಯಾಡಿಸಿದ.

"ಇಲ್ಲೇ ಯೋಳಿ. ನಮ್ಮುಂದೆ ಯೋಳಿ."

ಸುಬ್ಬಯ್ಯ ಫೋನು ತೆಗೆದು ಹೆಂಡತಿಗೆ ಹಚ್ಚಿದ. ಮೊದಲ ಸಲಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಯಿತು. ಭವ್ಯಳ ಮುಂದೆ ಅವನು ತಪ್ಪಿತಸ್ಥ, ಅಷ್ಟೇ. ಹೆಂಡತಿಯ ಮುಂದೆ, ಅವಳ ಕೈಯಲ್ಲಿ ಪಾಪ ಮಾಡಿಸಿ ಗುಂಡಿಯಲ್ಲಿ ಕೂತು ನೋಡಿದವನು. ಹೇಳಿ ಮುಗಿಸಿದ ಮೇಲೆ, ಅವಳು ಮಗಳನ್ನು ನಿಜವೇ ಎಂದು ಕೇಳುವುದು ಆ ಕಡೆಯಿಂದ ಕೇಳಿಸಿತು. ಆಮೇಲೆ, "ಮಗ್ಳು ಪಕ್ಕದಲ್ಲೇ ಅವ್ಳೆ. ಊ ಅಂತಾವ್ಳೆ" ಎಂದಳು ಮಹದೇವಮ್ಮ. ಮತ್ತೆ, "ಆಯಮ್ಮ ಅಲ್ಲೇ ಅವ್ರಾ? ಅವ್ರ್ ಕೈಗ್ ಫೋನ್ ಕೊಡಿ" ಎಂದಳು.

ಸುಬ್ಬಯ್ಯ ಫೋನು ಚಾಚಿದ. ಭವ್ಯಳ ಎರಡೂ ಕೈ ಮಗುವನ್ನು ಅಪ್ಪಿದ್ದವು. ಅವಳು ಕೈ ಬಿಡಲಿಲ್ಲ, ಬಿಡುವ ಮನಸ್ಸೂ ಕಾಣಲಿಲ್ಲ. ಅವನೇ ಹತ್ತಿರ ಹೋಗಿ ಫೋನನ್ನು ಅವಳ ಕಿವಿಗೆ ಹಿಡಿದ. ಮಹದೇವಮ್ಮ ಅಳುತ್ತಾ ಒಂದೇ ಸಮನೆ ಕ್ಷಮಿಸಿ ಎನ್ನುತ್ತಿದ್ದಳು, ಗಂಡ ತನ್ನಿಂದ ಮಾಡಿಸಿದ ತಪ್ಪಿಗೆ. ಒಂದೊಂದು ಮಾತೂ ಸುಬ್ಬಯ್ಯನಿಗೆ ಕೇಳಿಸುತ್ತಿತ್ತು. ಅವಳು ಮುಗಿಸುವವರೆಗೂ ಅವನು ಹಾಗೇ ಕೈ ಎತ್ತಿಕೊಂಡು ನಿಂತಿದ್ದ.