ಮದುವೆ ಮಾಡುವುದಿಲ್ಲವೆಂಬ ಪತ್ರ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನನ್ನ ಮಗಳು ರತ್ನಾವತಿ ಇಂಗ್ಲಿಷ್ ಎಂ.ಎ. ಮುಗಿಸಿದಳು. ಪಿಎಚ್.ಡಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವುದು ಅವಳ ಆಸೆ. ಅರ್ಜಿಗೆ ಮಾರ್ಗದರ್ಶಕರೊಬ್ಬರ ಸಹಿ ಬೇಕಿತ್ತು. ಅವಳು ಕೇಳಿದ ಪ್ರೊಫೆಸರರು, "ಮೂರು ವರ್ಷ ಮದುವೆ ಮಾಡುವುದಿಲ್ಲ ಅಂತ ಅಪ್ಪನಿಂದ ಬರೆಸಿಕೊಂಡು ಬಾ" ಎಂದರಂತೆ. ನಾನು ಮದರಾಸಿನ ಪ್ಯಾರೀಸ್ ಕಾರ್ನರಿನ ಹೋಟೆಲಿನಲ್ಲಿ ಅಡುಗೆಯವನು, ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು. ಬೆಳಗಿನ ಇಡ್ಲಿ ಮುಗಿಸಿ ಅವಳ ಜೊತೆ ನಾನೇ ಹೋದೆ.

ಪ್ರೊಫೆಸರರ ಕೋಣೆಯ ಹೊರಗೆ ಅದೇ ಅರ್ಜಿ ಹಿಡಿದು ಇಬ್ಬರು ಹುಡುಗರು ನಿಂತಿದ್ದರು. ನಿಮ್ಮ ಅಪ್ಪಂದಿರು ಪತ್ರ ಕೊಟ್ಟಿದ್ದಾರಾ ಎಂದು ತಮಿಳಿನಲ್ಲಿ ಕೇಳಿದೆ. ನಕ್ಕರು.

ಒಳಗೆ ಹೋಗಿ ಹೇಳಿದೆ: "ಪತ್ರ ಕೊಡೋದಿಲ್ಲ ಸಾರ್. ನಮ್ಮ ಹೋಟೆಲಿಗೆ ಅಡುಗೆಯವನು ಬಂದರೆ ಒಂದು ಕೊಪ್ಪರಿಗೆ ಸಾಂಬಾರು ಮಾಡಿಸಿ ರುಚಿ ನೋಡ್ತೇವೆ. ಮದುವೆ ಯಾವಾಗ ಅಂತ ಕೇಳೋದಿಲ್ಲ. ಅರ್ಜಿ ಜೊತೆ ಇವಳು ಬರೆದು ಕೊಟ್ಟ ಇಪ್ಪತ್ತು ಪುಟ ಓದಿದ್ರಾ?"

ಓದಿರಲಿಲ್ಲ. ಅವಳು ಕಟ್ಟಿದ್ದ ದಾರ ಕೂಡ ಬಿಚ್ಚಿರಲಿಲ್ಲ.

"ಹಾಗಾದರೆ ಸಹಿ ಇಲ್ಲ" ಎಂದರು.

ಕೆಲಸ ಕೆಡಿಸಿದೆ ಎಂದು ಗೊತ್ತಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ರತ್ನಾವತಿ ಪುಟಗಳನ್ನು ಎತ್ತಿಕೊಂಡು ಹೊರಗೆ ಬಂದಳು.

"ಸಿಟ್ಟಾ ಮಗಾ?"

"ಸಿಟ್ಟೇ. ಪಂಚೆ ಎತ್ತಿ ಕಟ್ಟಿಕೊಂಡು ಪ್ರೊಫೆಸರ್ ಹತ್ರ ಜಗಳ ಆಡ್ತಾರಾ, ಅಪ್ಪಯ್ಯ?" ಎಂದಳು. ಆಮೇಲೆ ಸಾಲು ಬಾಗಿಲುಗಳ ಮೇಲಿನ ಹೆಸರು ಓದಿದಳು. "ಸಹಿ ಹಾಕುವವರು ಇನ್ನೂ ಮೂರು ಜನ ಇದ್ದಾರೆ. ನೀವು ಇಲ್ಲೇ ಕೂತ್ಕೊಳ್ಳಿ. ಮೊದಲು ಓದಿ ಅಂತ ಈ ಸಲ ನಾನೇ ಹೇಳ್ತೇನೆ."

ಹೋಗಿ ಪಕ್ಕದ ಬಾಗಿಲು ತಟ್ಟಿದಳು.